ಬಾನಿ

ಉಲಾನ್‌ಬಾತರಿನಲ್ಲಿ ಆವತ್ತು ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ನಮ್ಮ ಅಂಗಡಿಯ ಬಾಗಿಲು ತೆರೆದಾಗಲೆಲ್ಲ
ಕಲ್ಲಿದ್ದಲ ಹೊಗೆ ಮೊದಲು ಒಳಬರುತ್ತದೆ, ಗಿರಾಕಿ ಆಮೇಲೆ.
ಹೊಗೆಯ ಹಿಂದೆ ಬಂದವನು ಗೊಂಬೊಸುರೇನ್,
ತೆಂಕಣ ಗೋಬಿಯವನು, ಮೀಸೆಯಲ್ಲಿ ಇನ್ನೂ ಹಿಮದ ಹರಳು,
ನಿಲುವಂಗಿಯ ಎದೆಗೂಡಿನಲ್ಲಿ
ವಸಂತದಲ್ಲಿ ಬಾಚಿ ಮಾರಿದ ಆಡುತುಪ್ಪಳದ ದುಡ್ಡು.
ಪಕ್ಕದಲ್ಲಿ ಮಗಳು ಸೊಲೊಂಗೊ, ಕಿವಿಗೆ ಹೆಡ್‌ಫೋನು,
ಏನೂ ಕೇಳದವಳ ಹಾಗೆ ಎಲ್ಲ ಕೇಳಿಸಿಕೊಳ್ಳುತ್ತ.

ಆಟ ಆಡುವ ಲ್ಯಾಪ್‌ಟಾಪು ಬೇಕಂತೆ.
ನಾನು ಬಾಯಿಪಾಠ ಒಪ್ಪಿಸಿದೆ: ಗ್ರಾಫಿಕ್ಸ್ ಮೆಮೊರಿ
ಆರು ಜಿಬಿ, ಎಂಟು, ಹನ್ನೆರಡು,
ಅಗೋ, ಮೇಲಿನ ಕಪಾಟಿನಲ್ಲಿ ಹದಿನಾರು.
ಹದಿನಾರು ಹೋದರೆ ನನ್ನ ತಿಂಗಳ ಬಾಡಿಗೆ ಹುಟ್ಟಿತೆಂದೇ ಲೆಕ್ಕ.
"ಎಂಟು ಅಂದರೆ? ಉದ್ದವೋ, ತೂಕವೋ, ವಯಸ್ಸೋ?"
"ಚಿತ್ರಗಳಿಗೆಂದೇ ಇಟ್ಟ ನೆನಪು."
"ನೆನಪು ಹೆಚ್ಚಿದ್ದಷ್ಟೂ ಒಳ್ಳೆಯದೇನಮ್ಮ?"
ನಾಲ್ಕು ವರ್ಷದ ವ್ಯಾಪಾರದಲ್ಲಿ
ಯಾರೂ ಹಾಗೆ ಕೇಳಿರಲಿಲ್ಲ.

ಆಮೇಲೆ ಅವನೇ ದಾರಿ ಹುಡುಕಿದ.
"ಬಾವಿಯೋ, ಬಾನಿಯೋ?
ಬಾವಿ ಎಷ್ಟೇ ಆಳವಿರಲಿ, ಕುರಿ ಕುಡಿಯುವುದು ಬಾನಿಯಲ್ಲಿ.
ಬಾನಿ ಗಿಡ್ಡವಾದರೆ ಮುಂದಿನವು ಬಾಯಿ ಹಾಕುತ್ತವೆ,
ಹಿಂದಿನವು ನೂಕುತ್ತವೆ,
ಯಾವುದೋ ಒಂದು ಮರಿ ಕಾಲಡಿಗೆ ಸಿಕ್ಕುತ್ತದೆ."

ಬಾನಿ, ಅಂದೆ. ಬಾನಿಯೇ.
ಅದು ತುಂಬಿತೋ, ಆಟ ಬಾವಿಗೆ ಓಡಬೇಕು;
ಕೊಡ ಮೇಲೆ ಬರುವ ತನಕ
ಪರದೆ ಉಸಿರು ಹಿಡಿದು ನಿಲ್ಲುತ್ತದೆ.

"ಕುರಿ ಎಷ್ಟೆಂದು ಕೇಳದೆ ಬಾನಿ ಮಾರುತ್ತೀಯಲ್ಲ," ಎಂದು ನಕ್ಕ.
ಆಗ ಸೊಲೊಂಗೊ ಒಂದು ಕಿವಿ ಬಿಚ್ಚಿದಳು,
ಕೈಗವಸಿನೊಳಗಿಂದ ಪೆನ್‌ಡ್ರೈವ್ ತೆಗೆದಳು.
ಎರಡು ಬೇಸಿಗೆ ಫೋನಿನಲ್ಲಿ ಹಿಡಿದ ಬಂಡೆಗಳು,
ಕುದುರೆ ಕಟ್ಟುವ ಗೂಟ, ಕಲ್ಲಿನ ಮೇಲಿನ ಕಲ್ಲುಹೂವು,
ಎಲ್ಲವನ್ನೂ ಒಂದು ಆಟದೊಳಗೆ ಹೊಲಿದಿದ್ದಾಳೆ.
ಎಂಟರ ಮೇಲೆ ಓಡಿಸಿದೆ.
ಅವನದೇ ಬಾವಿ, ಅವನದೇ ಬಾನಿ,
ಬಿರುಕಿಗೆ ಬಳಿದ ಡಾಂಬರಿನ ತೇಪೆ ಸಮೇತ.
ಅವನು ಟೋಪಿ ತೆಗೆದ.

ಬೆಟ್ಟ ಮಾತ್ರ ತಡವಾಯಿತು.
ಮೊದಲು ಗಂಜಿಯಂತೆ, ಆಮೇಲೆ ಬಂಡೆಯಂತೆ
ತಡವರಿಸಿ ತಡವರಿಸಿ ಬಂತು.
"ನೋಡಿದಿರಾ? ಹದಿನಾರೇ ಬೇಕು," ಅಂದಳು ಮಗಳು.
ಗಲ್ಲಾದಿಂದ ಮಾಲೀಕನೂ ಹುಬ್ಬಿನಲ್ಲೇ ಹದಿನಾರು ಅಂದ.
"ಸರಿಯಾಗಿಯೇ ಇದೆಯಲ್ಲ," ಅಂದ ಅಪ್ಪ,
"ಧೂಳೆದ್ದ ದಿನ ನಮ್ಮ ಬೆಟ್ಟ ಬರುವುದು ಹೀಗೆಯೇ."
"ಅಪ್ಪಾ, ಅದು ಧೂಳಲ್ಲ!"

ಚಿತ್ರದ ನಯವನ್ನು ಒಂದೇ ಮೆಟ್ಟಿಲು ಇಳಿಸಿದೆ.
ತಟ್ಟನೆ ಬೆಟ್ಟ.
ಹದಿನೈದು ಇಂಚಿನ ಪರದೆಯಲ್ಲಿ ಏನು ಕಳೆಯಿತೆಂದು
ಮೂವರೂ ಹುಡುಕಿದೆವು.
ಮೂಗು ತಾಗುವಷ್ಟು ಬಾಗಿ ಅವಳೇ ಹಿಡಿದಳು:
"ಕಲ್ಲುಹೂವಿನ ಅಂಚು ಹೋಯಿತು."
"ಅದನ್ನು ಅಲ್ಲಿಗೇ ಹೋಗಿ ನೋಡು," ಅಂದ.

ಎಂಟಕ್ಕೇ ಮುಗಿಯುತ್ತಿತ್ತು ಮಾತು.
ನೋಟು ಎಣಿಸುತ್ತಿದ್ದವನು ತಲೆಯೆತ್ತಿದ:
"ಬಾನಿಯನ್ನು ಆಮೇಲೆ ಉದ್ದ ಮಾಡಬಹುದೋ?"
ಆಗದು, ಬೆಸೆದೇ ಕೊಡುತ್ತಾರೆ, ಅಂದೆ.
ಅವನು ಬೆರಳಿಗೆ ಉಗುಳು ಹಚ್ಚಿಕೊಂಡು
ಮತ್ತೊಂದು ಕಟ್ಟು ಬಿಚ್ಚಿದ.
"ಈ ವರ್ಷದ ಮಂದೆಗೆ ಎಂಟು ಸಾಕು.
ಮರಿ ಹಾಕದ ಮಂದೆ ಎಲ್ಲಾದರೂ ಉಂಟೆ?"
ಹನ್ನೆರಡು ಕೊಂಡ.
ಮಾಲೀಕ ಅರ್ಧ ನಕ್ಕ, ನನಗೆ ಅರ್ಧ ಬಾಡಿಗೆ.

ಬಾಗಿಲಲ್ಲಿ ತಿರುಗಿ ಕೇಳಿದ: "ನಿನ್ನದು ಎಷ್ಟು?"
ನಾಲ್ಕು, ಅಂದುಬಿಟ್ಟೆ.
ಅವನೇನೂ ಅನ್ನಲಿಲ್ಲ. ಎದೆಗೂಡಿಗೆ ಕೈಹಾಕಿ
ಒಣಮೊಸರಿನ ಎರಡು ತುಂಡು ಮೇಜಿನ ಮೇಲಿಟ್ಟು
ಹೊಗೆಯೊಳಗೆ ಇಳಿದುಹೋದ.

ರಾತ್ರಿ ಒಂದನ್ನು ದವಡೆಯಲ್ಲಿಟ್ಟುಕೊಂಡು
ನನ್ನ ಹಳೆಯ ಪೆಟ್ಟಿಗೆ ತೆರೆದೆ.
ಎಲ್ಲ ಮೆಟ್ಟಿಲೂ ಇಳಿಸಿಯೇ ಆಡುವವಳು ನಾನು.
ಫ್ಯಾನು ಕುದುರೆಯ ಹಾಗೆ ಸೀನುತ್ತದೆ.
ಬೆಟ್ಟ ಇನ್ನೂ ಗಂಜಿ.
ಮೊಸರು ಕರಗಲಿ, ಅದೂ ಬರುತ್ತದೆ.